ನಾಯಿಯ ಔಷಧಿ, ಮೊಲದ ಕುತ್ತಿಗೆ

೪ನೇ ತಾರೀಖು, ಅಂಗಡಿಗೆ ರಜೆ

ಮೊಲಗಳ ಮಹಾರಾಣಿಗೆ,

ನೀನು ಫೋನ್ ಎತ್ತಿದ್ದರೆ ನನಗೆ ಈ ಪೀಡೆ ಇರುತ್ತಿರಲಿಲ್ಲ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನ ಕೈಗೆ ಮಗಳು ಪೆನ್ನು ತುರುಕಿ, ಅಪ್ಪಾ, ಬಾಯಲ್ಲಿ ಹೇಳೋಕೆ ಹೋದ್ರೆ ಬೈದು ಮುಗಿಸ್ತೀರ, ಬರೆದು ಕೊಡಿ ಅಂತ ಕೂರಿಸಿದ್ದಾಳೆ. ಪಕ್ಕದಲ್ಲೇ ಕಾವಲು ನಿಂತಿದ್ದಳು, ಓಡಿಸಿದೆ. ನಲವತ್ತು ವರ್ಷ ಊರಿನವರ ತಲೆ ಬೋಳಿಸಿದ ಕೈಗೆ ಇದೊಂದು ಬಾಕಿ ಇತ್ತು.

ಮಗಳು ಹೇಳಿರುತ್ತಾಳೆ, ಆದರೂ ನನ್ನಿಂದ ಕೇಳು. ನಿನ್ನ ಕರಿ ಮೊಲ ಇದ್ದಿಲು ಚೆನ್ನಾಗಿದೆ. ಹುಲ್ಲನ್ನು ತಾನೇ ಎಳೆದು ತಿನ್ನುತ್ತಿದೆ. ಹಿಕ್ಕೆ ಕಡಲೆಕಾಳಿನ ಹಾಗೆ ಗುಂಡಗೆ ಬೀಳುತ್ತಿದೆ. ಬಿಳಿಯದು, ಸುಣ್ಣ, ಅದರ ಕಿವಿ ನೆಕ್ಕುತ್ತಾ ಕೂತಿರುತ್ತದೆ.

ಇನ್ನು ನನ್ನ ವಿಷಯ. ಇದ್ದಿಲು ಒದ್ದಾಡುತ್ತಿದೆ ಅಂತ ನೀನು ಅದನ್ನೆತ್ತಿಕೊಂಡು ಅಂಗಡಿಗೆ ಓಡಿಬಂದಾಗ, ಗಿರಾಕಿಗಳ ಎದುರಿಗೇ, ದಾರಿಬದಿಯ ಹುಲ್ಲು ತಿನ್ನಿಸಿ ನೀನೇ ಕೊಂದೆ ಅಂತ ಕೂಗಾಡಿದೆನಲ್ಲ? ಹುಲ್ಲಲ್ಲ. ನಾನು. ನಾಯಿಗೆ ಚಿಗಟ ಆಗಿತ್ತು. ಅದರ ಕುತ್ತಿಗೆಗೆ ಹಿಂಡಿದ ಔಷಧಿ ಟ್ಯೂಬಿನ ತಳದಲ್ಲಿ ಚೂರು ಉಳಿದಿತ್ತು. ಮೊಲವೂ ಕೆರೆದುಕೊಳ್ಳುತ್ತಿತ್ತು. ಚಿಗಟ ಅಂದರೆ ಚಿಗಟ, ಇದಕ್ಕೂ ಇರಲಿ ಅಂತ ಹಿಂಡಿದೆ. ಮೊಲಕ್ಕೆ ಹಾಕಬಾರದು ಅಂತ ಪೊಟ್ಟಣದ ಮೇಲೇ ಇತ್ತಂತೆ. ಇರುವೆ ಸಾಲಿನಂಥ ಆ ಅಕ್ಷರ ಯಾರು ಓದುತ್ತಾರೆ? ನಿನ್ನ ಕೈಯಲ್ಲಿ ಅದು ಒದ್ದಾಡುವುದನ್ನು ನೋಡಿದ ಕೂಡಲೇ ನನಗೆ ಗೊತ್ತಾಯಿತು. ಗೊತ್ತಾಗಿಯೂ ಕೂಗಾಡಿದೆ. ಆಮೇಲೆ ಟ್ಯೂಬನ್ನು ಕತ್ತರಿಸಿದ ಕೂದಲಿನ ಬುಟ್ಟಿಯಲ್ಲಿ ಹುಗಿದೆ.

ಪ್ರಾಣಿ ಡಾಕ್ಟರಮ್ಮನ ಹತ್ತಿರ ಮಾತ್ರ, ನಿನ್ನನ್ನು ಹೊರಗೆ ಕೂರಿಸಿ, ಬಾಯಿಬಿಟ್ಟೆ. ಬಿಡದಿದ್ದರೆ ಮೊಲ ಹೋಗುತ್ತಿತ್ತು. ಆಕೆ ಮೊಲವನ್ನೂ ತೊಳೆದಳು, ನನ್ನನ್ನೂ ತೊಳೆದಳು. ನಿಮ್ಮ ಅಂಗಡೀಲಿ ಹಸುಗೂಸಿನ ಕೆನ್ನೆಗೂ ಕತ್ತಿ ಆಡಿಸ್ತೀರೇನ್ರೀ ಅಂತ ಕೇಳಿದಳು. ಮೂರನೇ ದಿನ, ಅದು ಉಳಿಯುತ್ತದೆ ಅಂತ ಖಾತ್ರಿಯಾದ ಮೇಲೆ, ನೀನು ತಂಗಿ ಮನೆಗೆ ಹೊರಟೆ. ಆಗಲೂ ನಾನು ನಿಜ ಹೇಳಲಿಲ್ಲ.

ಈಗ ಮನೆಯಲ್ಲಿ ಕಾನೂನು ಬೇರೆ. ನಾಯಿಗೆ ಮಾತ್ರೆ, ಬೆಕ್ಕಿಗೆ ಅದರದೇ ಔಷಧಿ, ಮೊಲಗಳಿಗೆ ತೂಕ ನೋಡಿ ಕೊಟ್ಟ ಬೇರೆ ಹನಿ. ಎಲ್ಲವೂ ಒಂದೇ ದಿನ. ಒಂದನ್ನು ಬಿಟ್ಟರೆ ಅದರ ಮೈಯಿಂದ ಉಳಿದವಕ್ಕೆ ಮತ್ತೆ ಹತ್ತುತ್ತದಂತೆ. ಹಾಸು, ಚಾಪೆ ಎಲ್ಲ ಬಿಸಿನೀರಿಗೆ. ಹೇನಿನ ಬಾಚಣಿಗೆಯಲ್ಲಿ ಬೆಳಿಗ್ಗೆ ಸಂಜೆ ಎರಡೂ ಮೊಲಗಳನ್ನು ಬಾಚುತ್ತೇನೆ. ನೊಣ ಮೊಟ್ಟೆ ಇಡುತ್ತದೆ ಅಂತ ಬಾಲದ ಕೆಳಗೂ ನೋಡುತ್ತೇನೆ. ಈ ವಾರ ಒಂದೇ ಒಂದು ಚಿಗಟ ಸಿಕ್ಕಿಲ್ಲ. ಬೇಕಾದರೆ ಬಂದು ಹುಡುಕು.

ಆವತ್ತು ಅಂಗಡಿಯಲ್ಲಿದ್ದವರಿಗೆಲ್ಲ, ತಪ್ಪು ನಂದು, ಅವಳದ್ದಲ್ಲ ಅಂತ ಹೇಳಿದ್ದೇನೆ. ಒಬ್ಬನಿಗೆ ಅರ್ಧ ಗಡ್ಡ ಆಗಿತ್ತು, ಎದ್ದು ಹೋಗಲಾರದೆ ಪೂರ್ತಿ ಕೇಳಿದ.

ಇಂತಿ,
ನಿನ್ನ ಬಾಯಿಬಡುಕ ಗಂಡ

ತಾ.ಕ.: ಹದಿನೆಂಟಕ್ಕೆ ಮತ್ತೆ ಔಷಧಿಯ ದಿನ. ಹೋದ ಸಲ ಡಾಕ್ಟರಮ್ಮನೇ ಹಾಕಿದಳು. ಕ್ಷೌರದ ಕತ್ತಿ ಹಿಡಿದರೆ ಈಗಲೂ ಅಲುಗದ ಕೈ, ಇದ್ದಿಲಿನ ಕುತ್ತಿಗೆಯ ಕೂದಲು ಸರಿಸಿದರೆ ನಡುಗುತ್ತದೆ. ಮಗಳಿಗೂ ಹೇಳಿಲ್ಲ. ನಾನು ಹಿಡಿದುಕೊಳ್ಳುತ್ತೇನೆ, ನೀನು ಹಾಕು. ಬರುತ್ತೀಯೋ ಇಲ್ಲವೋ, ಹದಿನೈದರೊಳಗೆ ಉತ್ತರ ಬರೆ.