ಒಂದೇ ಓಣಿಯ ವಿಮಾನ

ಹ್ಯೂಸ್ಟನ್, ಟೆಕ್ಸಾಸ್
೨೩ ನವೆಂಬರ್ ೧೯೬೯

ಅಕ್ಕನಿಗೆ ಅನಸೂಯೆಯ ನಮಸ್ಕಾರ.

ತಂತಿ ತಲುಪಿರಬೇಕು. ಅಮ್ಮ ಹೋದಳು ಅನ್ನುವುದಷ್ಟೇ ಅದರಲ್ಲಿದೆ. ಹೇಗೆ ಹೋದಳು ಅಂತ ಬರೆಯಲು ತಂತಿಯಲ್ಲಿ ಜಾಗವಿಲ್ಲವಲ್ಲ, ಅದಕ್ಕೇ ಈ ಪತ್ರ. ಅಪ್ಪನನ್ನು ಹತ್ತಿರ ಕೂರಿಸಿಕೊಂಡು ಗಟ್ಟಿಯಾಗಿ ಓದು. ನಡುವೆ ಎದ್ದು ಹಿತ್ತಲಿಗೆ ಹೋದರೆ ಹೋಗಲಿ, ತಡೆಯಬೇಡ. ಬಂದ ಮೇಲೆ ಬಿಟ್ಟಲ್ಲಿಂದ ಓದು.

ನನ್ನ ಬಾಣಂತನಕ್ಕೆ ಬಂದೇ ತೀರುತ್ತೇನೆ ಅಂತ ಹಟ ಹಿಡಿದವಳು ಅವಳೇ, ನಿಮಗೇ ಗೊತ್ತು. ಲಂಡನ್ನಿನಿಂದ ನ್ಯೂಯಾರ್ಕಿಗೆ ಚಾರ್ಟರ್ ವಿಮಾನವೇ ಸಾಕು ಅಂದವರು ಇವರು. ಎಂಥ ವಿಮಾನ ಅಂತೀಯಾ? ನಮ್ಮ ಮೈಸೂರು–ಬೆಂಗಳೂರು ಬಸ್ಸನ್ನು ಎರಡು ತುದಿ ಹಿಡಿದು ಎಳೆದು ಉದ್ದ ಮಾಡಿದ ಹಾಗೆ. ನಡುವೆ ಒಬ್ಬರು ನಡೆಯುವಷ್ಟು ಅಗಲದ ಒಂದೇ ಓಣಿ, ಆಚೀಚೆ ಮೂರು ಮೂರು ಸೀಟು, ಒಳಗೆ ಇನ್ನೂರೈವತ್ತು ಜನ. ಊಟದ ಗಾಡಿ ಓಣಿಗೆ ಇಳಿಯಿತೆಂದರೆ ಯಾರೂ ಅಲ್ಲಾಡುವಂತಿಲ್ಲ. ಮುಂದಿನ ವರ್ಷ ಎರಡು ಓಣಿ ಇರುವ ದೊಡ್ಡ ವಿಮಾನ ಬರುತ್ತದಂತೆ. ಮೊನ್ನೆ ಇವರು ಪೇಪರಿನಲ್ಲಿ ಅದರ ಚಿತ್ರ ನೋಡಿ ಪೇಪರನ್ನು ಮಡಚಿ ಕಸದ ಬುಟ್ಟಿಗೆ ಹಾಕಿದರು.

ಅಮ್ಮನ ಜೊತೆಗೆ ಅಂತ ನಾವು ಗೊತ್ತುಮಾಡಿದ್ದು ಹಾವೇರಿ ಕಡೆಯ ಹಾಲಪ್ಪ ಅನ್ನುವ ಹುಡುಗನನ್ನು. ಆಸ್ಟಿನ್‌ಗೆ ಓದಲು ಬರುತ್ತಿದ್ದವನು. ಪಾಪ, ಒಳ್ಳೆಯ ಹುಡುಗ. ಲಂಡನ್ನಿನಲ್ಲಿ ಕಾಡಿ ಬೇಡಿ ಅಮ್ಮನಿಗೆ ಕಿಟಕಿ ಪಕ್ಕದ ಸೀಟು ಕೊಡಿಸಿ, ತಾನು ಹಿಂದೆ ಎಲ್ಲೋ ಕೂತ. ಅವಳ ಪಕ್ಕಕ್ಕೆ ಇಬ್ಬರು ದೊಡ್ಡ ಆಳುಗಳು ಬಂದು ಕೂತರು, ಊಟ ಮಾಡಿ ನಿದ್ದೆ ಹೋದರು. ಇನ್ನು ಅಮ್ಮ ಏಳುವುದೆಲ್ಲಿ ಬಂತು? ಮಲಗಿದವರನ್ನು ದಾಟಬಾರದು, ನಿದ್ದೆಯಲ್ಲಿರುವವರನ್ನು ಎಬ್ಬಿಸಬಾರದು. ನಾವು ಚಿಕ್ಕವರಾಗಿ ನಡುಮನೆಯಲ್ಲಿ ಸಾಲಾಗಿ ಮಲಗಿದ್ದರೆ ಗೋಡೆ ಸವರಿಕೊಂಡು ಸುತ್ತಿ ಹೋಗುತ್ತಿದ್ದವಳಲ್ಲವೇ ಅವಳು. ವಿಮಾನದಲ್ಲಿ ಸುತ್ತಿ ಹೋಗಲು ಜಾಗವೆಲ್ಲಿದೆ? ಏಳಬೇಕಾಗಿ ಬಂದೀತೆಂದು ನೀರು ಕುಡಿಯುವುದನ್ನೇ ಬಿಟ್ಟಳು.

ಅದು ಸಾಲದು ಅಂತ ಎದುರುಗಾಳಿ. ಅಷ್ಟು ದೂರಕ್ಕೆ ತುಂಬಿಸಿದ್ದ ಎಣ್ಣೆ ಸಾಲದೆ ಕೆನಡಾದ ಗ್ಯಾಂಡರ್ ಅನ್ನುವ ಕಡೆ ಇಳಿಸಿದರಂತೆ. ಹೊರಗೆ ಹಿಮ, ಯಾರನ್ನೂ ಕೆಳಗೆ ಬಿಡಲಿಲ್ಲ. ಹಾಲಪ್ಪ ನನ್ನೆದುರು ಕೂತು ಹೇಳಿದ: ಅಮ್ಮಾರು ಒಂದ್ ಸಲಾನೂ ಏಳಲಿಲ್ರಿ, ನಾ ಹೋಗಿ ಕೇಳಿದ್ರ ನನಗೇನೂ ಬ್ಯಾಡಪ್ಪ ಅಂತ ನಗತಿದ್ರು. ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟ.

ಇಲ್ಲಿ ಬಂದಿಳಿದಾಗ ಎಡಗಾಲಿಗೆ ಚಪ್ಪಲಿ ಹತ್ತಲಿಲ್ಲ. ಕೂತು ಕೂತು ಬಾತಿದೆ, ನಡೆದಾಡಿದರೆ ಇಳಿಯತ್ತೆ ಬಿಡೇ ಅಂದಳು. ಮನೆಗೆ ಬಂದವಳೇ ನನಗೆ ಮೆಣಸಿನ ಸಾರು ಮಾಡಿದಳು. ಕಾಲು ಎಷ್ಟಾಗಿತ್ತು ಅಂತ ಸೀರೆಯೊಳಗೆ ಯಾರಿಗೆ ಕಾಣಬೇಕು? ನನಗೆ ನೋವು ಶುರುವಾಗಿ ಆಸ್ಪತ್ರೆಗೆ ಹೋದಾಗ ಅವಳೂ ಕುಂಟುತ್ತಾ ಜೊತೆಗೆ ಬಂದಳು. ಅಲ್ಲಿನ ನರ್ಸು ಕಾಲು ನೋಡಿ ಅವಳನ್ನೂ ಮಲಗಿಸಿಬಿಟ್ಟಳು. ನಾನು ಮೇಲಿನ ಮಹಡಿ, ಅಮ್ಮ ಕೆಳಗಿನ ಮಹಡಿ.

ಬಹಳ ಹೊತ್ತು ಮಡಚಿ ಕೂತದ್ದರಿಂದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದೆ, ಅದರ ಚೂರು ಕಳಚಿ ಶ್ವಾಸಕೋಶಕ್ಕೆ ಏರಿದರೆ ನಮ್ಮ ಕೈಯಲ್ಲಿ ಏನೂ ಇಲ್ಲ ಅಂದರು ಡಾಕ್ಟರು. ಸೂಜಿಮದ್ದು ಕೊಡುತ್ತಾ ಕಾಯಬೇಕು, ನೆಲಕ್ಕೆ ಕಾಲಿಡಕೂಡದು. ನೋಡು ಅಕ್ಕ, ಏಳಬೇಕಾದ ಕಡೆ ಏಳಲಿಲ್ಲ, ಏಳಬಾರದ ಕಡೆ ಸ್ನಾನವಾಗಬೇಕು, ಎಬ್ಬಿಸು ಅಂತ ಹಟ.

ನನ್ನದು ಹೊಟ್ಟೆ ಕೊಯ್ದು ಆದ ಹೆರಿಗೆ. ಮಂಚ ಬಿಟ್ಟು ಏಳುವ ಹಾಗಿಲ್ಲ. ಕೆಳಗಿನ ಮಹಡಿಯಲ್ಲಿ ಅಮ್ಮನ ಮಾತು ತಿಳಿಯುವವರು ಒಬ್ಬರಿಲ್ಲ. ಅದಕ್ಕೆ ಡಾಕ್ಟರು ಬಂದಾಗಲೆಲ್ಲ ನನ್ನ ಮಂಚದ ಪಕ್ಕಕ್ಕೆ ಫೋನು ಮಾಡಿಸುತ್ತಿದ್ದರು. ಅವರು ಕೇಳಿದ್ದನ್ನು ನಾನು ಕನ್ನಡದಲ್ಲಿ ಅಮ್ಮನಿಗೆ, ಅಮ್ಮ ಹೇಳಿದ್ದನ್ನು ಇಂಗ್ಲಿಷಿನಲ್ಲಿ ಅವರಿಗೆ. ಹೆತ್ತವಳ ಮುಖ ನೋಡದೆ ಅವಳ ನೋವಿಗೆ ದುಭಾಷಿಯಾಗಿದ್ದೆ.

ಮಗುವನ್ನು ಕೆಳಗೆ ಒಯ್ಯಲು ಬಿಡಲಿಲ್ಲ. ಕಾಯಿಲೆಯವರಿರುವ ಕಡೆ ಎಳೆಮಕ್ಕಳು ಹೋಗುವಂತಿಲ್ಲವಂತೆ. ಇವರು ಜಗಳ ಆಡಿದರು, ಬೇಡಿಕೊಂಡರು, ಏನೂ ನಡೆಯಲಿಲ್ಲ. ಕೊನೆಗೆ ಡಾಕ್ಟರು ಕರುಣೆ ತೋರಿ, ನಾಳೆ ಗಾಲಿಕುರ್ಚಿಯಲ್ಲಿ ಕಾಲು ಚಾಚಿಸಿ ಕೂರಿಸಿ ನಾವೇ ಮೇಲೆ ಕರೆದೊಯ್ಯುತ್ತೇವೆ ಅಂದರು. ಅವತ್ತು ಸಂಜೆ ಫೋನಿನಲ್ಲಿ ಅಮ್ಮ ಹೇಳಿದಳು: ಉಸಿರೆಳೆದರೆ ಎದೆ ಚುಚ್ಚತ್ತೆ ಕಣೇ, ಅವರಿಗೆ ಮಾತ್ರ ಹೇಳಬೇಡ, ಹೇಳಿದರೆ ಮಗು ನೋಡೋಕೆ ಬಿಡಲ್ಲ. ಡಾಕ್ಟರು ಅವಳ ಪಕ್ಕದಲ್ಲೇ ನಿಂತು ಕಾಯುತ್ತಿದ್ದರು. ನಾನು ಹೇಳಿಬಿಟ್ಟೆ. ಹೇಳದೆ ಇರಲು ಆಗುತ್ತದೆಯೇ? ನೀನಾಗಿದ್ದರೆ ಏನು ಮಾಡುತ್ತಿದ್ದೆ? ಗಾಲಿಕುರ್ಚಿ ಬೇಡ, ಇನ್ನೊಂದು ವಾರ ಅಲುಗಾಡಕೂಡದು ಅಂದರು. ಅದನ್ನು ಕನ್ನಡದಲ್ಲಿ ಅವಳಿಗೆ ತಿಳಿಸಬೇಕಾದವಳೂ ನಾನೇ. ಹೇಳೇಬಿಟ್ಟೆಯಲ್ಲ ಅಂದಳು. ನಾನು ಅಮ್ಮಾ, ಅಮ್ಮಾ ಅನ್ನುತ್ತಲೇ ಇದ್ದೆ. ಫೋನನ್ನು ನರ್ಸಿನ ಕೈಗೆ ಕೊಟ್ಟುಬಿಟ್ಟಿದ್ದಳು.

ಮರುದಿನ ಬೆಳಿಗ್ಗೆ ನರ್ಸುಗಳು ಪಾಳಿ ಬದಲಾಯಿಸುವ ಹೊತ್ತಿಗೆ ತಾನೇ ಎದ್ದು ಸೀರೆ ಉಟ್ಟು ಹೊರಟಿದ್ದಾಳೆ. ಲಿಫ್ಟಿನಲ್ಲಿದ್ದವರಿಗೆ ಕೈಯಲ್ಲೇ ತೊಟ್ಟಿಲು ತೂಗಿ ತೋರಿಸಿದಳಂತೆ. ಅವರು ನಮ್ಮ ಮಹಡಿಯಲ್ಲಿ ಇಳಿಸಿದರು. ಇಲ್ಲಿ ಮಕ್ಕಳನ್ನೆಲ್ಲ ಒಂದು ಕೋಣೆಯಲ್ಲಿ ಮಲಗಿಸಿ ಗಾಜಿನಾಚೆಯಿಂದ ತೋರಿಸುತ್ತಾರೆ. ಅಲ್ಲಿ ನಿಂತು ನಗುತ್ತಿದ್ದಳು, ಎರಡೂ ಕೈಯನ್ನು ಗಾಜಿನ ಮೇಲೆ ಸವರಿ ತನ್ನ ಹಣೆಯ ಪಕ್ಕಕ್ಕೆ ಒತ್ತಿಕೊಂಡಳು ಅಂತ ನರ್ಸು ಹೇಳಿದಳು. ಅದೇನೆಂದು ಅವಳಿಗೆ ತಿಳಿಯಲಿಲ್ಲ. ಅಮ್ಮ ಮಗುವಿಗೆ ನೆಟಿಗೆ ಮುರಿದಿದ್ದಾಳೆ ಅಕ್ಕ. ಆಮೇಲೆ ಗೋಡೆಗೆ ಒರಗಿ ಹಾಗೇ ಕೂತಳು. ಎತ್ತಿಕೊಳ್ಳುವಷ್ಟರಲ್ಲಿ ಮುಗಿದಿತ್ತು. ಹೆಚ್ಚು ನರಳಲಿಲ್ಲವಂತೆ.

ಅಪ್ಪಾ, ಮೊಮ್ಮಗಳನ್ನು ಕಣ್ತುಂಬ ನೋಡಿಕೊಂಡೇ ಹೋದಳು. ಅದೊಂದನ್ನು ನೆನೆದು ಸಮಾಧಾನ ಮಾಡಿಕೊಳ್ಳಿ. ಇಲ್ಲಿ ಪುರೋಹಿತರು ಯಾರೂ ಸಿಗಲಿಲ್ಲ. ಇವರೇ ತಮಗೆ ಬಂದಷ್ಟು ಮಂತ್ರ ಹೇಳಿ, ಮಗನ ಸ್ಥಾನದಲ್ಲಿ ನಿಂತು ಎಲ್ಲ ಮಾಡಿದರು. ಅಸ್ಥಿ ಮನೆಯಲ್ಲಿದೆ, ನಾನು ಪ್ರಯಾಣ ಮಾಡುವಂತಾದ ಕೂಡಲೇ ತರುತ್ತೇನೆ. ಮಗುವಿಗೆ ಅಮ್ಮನ ಹೆಸರನ್ನೇ, ಲಲಿತಾ ಅಂತಲೇ ಇಡುತ್ತೇವೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಇಷ್ಟು ದೂರದಲ್ಲಿ ಕೂತಿರುವ ನಿಮ್ಮ
ಅನಸೂಯಾ

ಮರೆತ ಮಾತು: ಅಕ್ಕ, ಈ ಚೀಟಿಯನ್ನು ಬೇರೆಯಾಗಿ ಮಡಚಿ ಇಟ್ಟಿದ್ದೇನೆ, ಇದನ್ನು ಅಪ್ಪನಿಗೆ ಓದಬೇಡ. ಇವರಿಗೂ ಹೇಳಿಲ್ಲ. ನನ್ನನ್ನು ಸಮಾಧಾನ ಮಾಡಲೆಂದು ನರ್ಸು ಹೇಳಿದಳು, ನಿಮ್ಮ ತಾಯಿ ಬಾಗಿಲ ಹತ್ತಿರದ ತೊಟ್ಟಿಲಿನ ಮಗುವಿನಿಂದ ಕಣ್ಣೇ ತೆಗೆಯಲಿಲ್ಲ ಅಂತ. ಅದು ಯಾರೋ ಮೆಕ್ಸಿಕೋ ಕಡೆಯವರ ಮಗು, ತಲೆತುಂಬ ಕಪ್ಪು ಕೂದಲು. ನಮ್ಮದು ಆಗ ಆ ಕೋಣೆಯಲ್ಲಿರಲೇ ಇಲ್ಲ. ಹಾಲು ಕುಡಿಸಲು ನನ್ನ ಹತ್ತಿರ ತಂದು ಕೊಟ್ಟಿದ್ದರು. ಬಾಗಿಲಾಚೆ ಯಾರೋ ಓಡಿದ ಸದ್ದು, ಕೂಗಿದ ಸದ್ದು ಎಲ್ಲ ಕೇಳಿಸಿತು. ಮಗು ಬೆಚ್ಚಿಬಿದ್ದೀತೆಂದು ಅದರ ಕಿವಿ ಮುಚ್ಚಿಕೊಂಡು ಕೂತಿದ್ದೆ.