ಹದಿನಾಲ್ಕನೇ ಪ್ರಶ್ನೆಯ ಉತ್ತರ

ಅರಕಲಗೂಡು,
ಸೋಮವಾರ

ಮೇಲ್ವಿಚಾರಕರಾದ ಚಲುವನಾರಾಯಣ ಸರ್ ಅವರಿಗೆ ನಮಸ್ಕಾರಗಳು.

ಆದಾಯದ ಜೊತೆಗೆ ಜನರ ನೆಮ್ಮದಿಯನ್ನೂ ಅಳೆಯುವ ನಮ್ಮ ಸಮೀಕ್ಷೆಯಲ್ಲಿ, ಮಲ್ಲಿಪಟ್ಟಣದ ಲಕ್ಕಮ್ಮನವರ ನಮೂನೆಯನ್ನು ನೀವು ವಾಪಸು ಕಳಿಸಿದ್ದೀರಿ. ‘ಊಟವಾಯಿತೇ, ಹೇಗಿದ್ದೀರಿ ಎಂದು ನಿನ್ನೆ ನಿಮ್ಮನ್ನು ವಿಚಾರಿಸಿದವರು ಎಷ್ಟು ಮಂದಿ?’ ಎಂಬ ಹದಿನಾಲ್ಕನೇ ಪ್ರಶ್ನೆಗೆ ನಾನು ಒಂದು ಎಂದು ಬರೆದಿದ್ದೆ. ಆ ಒಬ್ಬರು ಯಾರೆಂದು ಕೇಳಿದ್ದೀರಿ.

ಮಗ, ಸೊಸೆ, ಮೊಮ್ಮಕ್ಕಳು ಸೇರಿ ಮನೆಯಲ್ಲಿ ಆರು ಜನ. ಫ್ರಿಜ್ಜು, ಟಿವಿ, ಎರಡು ಬೈಕು ಇವೆ. ಆ ಕಾಲಮ್ಮುಗಳಲ್ಲೆಲ್ಲ ಅವರಿಗೆ ಒಳ್ಳೆಯ ಅಂಕವೇ ಬಂದಿದೆ. ಮೊದಲ ದಿನ ಟ್ಯಾಬಿನ ಚಾರ್ಜ್ ಮುಗಿದು ಕೆಲಸ ಅರ್ಧಕ್ಕೆ ನಿಂತಿತು. ಮರುದಿನ ಹೋಗಿ ಈ ಪ್ರಶ್ನೆ ಕೇಳಿದಾಗ ಲಕ್ಕಮ್ಮ ಯೋಚಿಸಿ, “ಒಬ್ರು” ಅಂದರು. ಯಾರಮ್ಮ ಅಂದೆ.

“ನೀನೇ ಕಣವ್ವ. ನೆನ್ನೆ ಬಂದೋಳೇ ಊಟ ಆಯ್ತಾ ಅಂತ ಕೇಳ್ನಿಲ್ವಾ?”

ಸಮೀಕ್ಷೆಗೆ ಹೋದವರನ್ನು ಲೆಕ್ಕಕ್ಕೆ ಹಿಡಿಯಬಾರದೆಂಬ ನಿಯಮ ನನಗೆ ಗೊತ್ತಿತ್ತು ಸರ್. ಅವರ ಎದುರಿಗೆ ಸೊನ್ನೆ ಒತ್ತಲು ಮನಸ್ಸು ಬರಲಿಲ್ಲ. ಈಗ ತಿದ್ದಿ ಕಳಿಸಿದ್ದೇನೆ.

ಇನ್ನೊಂದು ವಿನಂತಿ. ಹಾಸನದ ತರಬೇತಿಯಲ್ಲಿ ಅಭ್ಯಾಸಕ್ಕೆಂದು ನಾವೂ ನಮ್ಮ ಬಗ್ಗೆಯೇ ಒಂದೊಂದು ನಮೂನೆ ತುಂಬಿದ್ದೆವು. ಪಕ್ಕದವರು ಇಣುಕುತ್ತಿದ್ದರೆಂದು ನಾನು ಈ ಪ್ರಶ್ನೆಗೆ ಮೂರು ಎಂದು ಬರೆದುಬಿಟ್ಟೆ. ದಯವಿಟ್ಟು ಅದನ್ನೂ ವಾಪಸು ಕಳಿಸಿ. ಅಲ್ಲಿಯೂ ಸೊನ್ನೆ ಆಗಬೇಕು.

ಇಂತಿ,
ಶರ್ವಾಣಿ