ಹಿಂದಿನ ಸೀಟಿನ ಪರದೆ

ಜನವರಿ ೯, ೧೯೪೪. ರವಿವಾರ. ಹಳಿಯಾಳ.

ಬೂದಿ ತೆಗೆದೆ. ಇದ್ದಿಲು ತುಂಬಿದೆ. ಕೆಂಡಕ್ಕೆ ಗಾಳಿ ಊದುವ ಬ್ಲೋವರ್ ತಿರುಗಿಸಿ ತಿರುಗಿಸಿ ರಟ್ಟೆ ಬಿದ್ದುಹೋಯಿತು. ಪೆಟ್ರೋಲಿಲ್ಲದ ಕಾಲದಲ್ಲಿ ಕಾರು ಇಟ್ಟವನ ಹಣೆಬರಹ — ಗಾಡಿಯ ಬೆನ್ನಿಗೆ ಒಲೆ ಕಟ್ಟಿಕೊಂಡು, ಇದ್ದಿಲ ಗ್ಯಾಸಿನ ಮೇಲೆ ತಿರುಗಬೇಕು. ಆದರೆ ಇಂಜಿನ್ ಒಂದೇ ಹೊಡೆತಕ್ಕೆ ಎದ್ದಿತು!

ಒಲೆಯಿಂದ ಇಂಜಿನ್ನಿಗೆ ಗ್ಯಾಸ್ ಒಯ್ಯುವ ಪೈಪಿನ ಜೋಡಣೆಯ ಪ್ಯಾಕಿಂಗ್ ಸುಟ್ಟಿತ್ತು, ಹಿಂದಿನ ಸೀಟಿನ ಅಡಿಗೆ. ಮೆಕ್ಯಾನಿಕ್ ಉಸ್ಮಾನಸಾಬ, "ಹುಬ್ಬಳ್ಳಿಯಿಂದ ಆಸ್ಬೆಸ್ಟಾಸ್ ಪ್ಯಾಕಿಂಗ್ ಬರೂಮಟಾ ತಡೀರಿ, ಅಂದಾನೆಪ್ಪನವರ" ಅಂದ. ಯುದ್ಧ ಮುಗಿಯುವವರೆಗೆ ತಡೆಯಲೇನು? ಸಂಕ್ರಾಂತಿ ಕಳೆದ ಸೋಮವಾರ ಮಗಳು ಗಿರಿಜಾಳನ್ನು, ಐದು ತಿಂಗಳ ಕೂಸನ್ನು ಮುಂಡಗೋಡಕ್ಕೆ, ಗಂಡನ ಮನೆಗೆ ಮುಟ್ಟಿಸಬೇಕು. ಚೊಚ್ಚಲ ಬಾಣಂತಿಯನ್ನು ಚಕ್ಕಡಿಯಲ್ಲಿ ಕಳಿಸಿದ ಅಂತ ಬೀಗರು ಆಡಿಕೊಳ್ಳಬೇಕೇ? ಕಂಬಳಿ ತುಂಡು ಕತ್ತರಿಸಿದೆ, ಹುತ್ತದ ಮಣ್ಣಿಗೆ ಬೆಲ್ಲ ಕಲಸಿ ಮೆತ್ತಿದೆ, ಬೋಲ್ಟು ಬಿಗಿದೆ. ಅಂಗಡಿ ನಡೆಸುವವನಿಗೆ ಇಷ್ಟೂ ಬರುವುದಿಲ್ಲವೇನು.

ಜನವರಿ ೧೧.

ಹೊಸ ರಗಳೆ. ಏರು ಬಂದರೆ ಕೆಮ್ಮುತ್ತದೆ, ಎಳೆಯುವುದಿಲ್ಲ. ರಿಪೇರಿಗೆ ಮೊದಲು ಹೀಗಿರಲಿಲ್ಲ. ಪ್ಲಗ್ ಬಿಚ್ಚಿ ಉಜ್ಜಿದೆ. ಅದೇ ಹಾಡು. ಫಿಲ್ಟರ್ ತೊಳೆದೆ. ಅದೇ. ತಲೆ ಸಿಡಿಯುತ್ತಿದೆ — ಗಾಡಿಯಡಿ ಬಗ್ಗಿ ಬಗ್ಗಿ. ಕನ್ನಡಕವೂ ಹಳೆಯದಾಯಿತು.

ಜನವರಿ ೧೩.

ಸಿಟ್ಟು ನುಂಗಿ ಉಸ್ಮಾನಸಾಬನನ್ನು ಕರೆದೆ. ಇದ್ದಿಲು ಮುರಿದು ನೋಡಿದ. "ದಾಂಡೇಲಿ ಮಾಲು, ಹಸಿ ಐತ್ರಿ. ಒಣಗಸ್ರಿ, ಓಡ್ತೈತಿ." ಆಮೇಲೆ ಕೇಳಿದ: "ಪೈಪಿಂದು ಹೆಂಗ ಮಾಡಿದ್ರಿ?" "ಪ್ಯಾಕಿಂಗ್ ಸಿಕ್ತು" ಅಂದುಬಿಟ್ಟೆ. ಕಂಬಳಿ ತೋರಿಸಿ ಪೇಟೆ ತುಂಬ ನಗಿಸಿಕೊಳ್ಳಲೇ? ಇದ್ದಿಲನ್ನು ಅಂಗಳದಲ್ಲಿ ಹರವಿದ್ದೇನೆ.

ಜನವರಿ ೧೫.

ಸಂಕ್ರಾಂತಿ ಮುಗಿಯಿತು. ಒಣ ಇದ್ದಿಲು ಹಾಕಿದ ಮೇಲೆ ಸ್ವಲ್ಪ ಸುಧಾರಿಸಿದೆ. ಸ್ವಲ್ಪವೇ. ನನ್ನ ಹೆಂಡತಿ ಮಹಾದೇವಿ ಹಿಂದಿನ ಸೀಟಿನ ಸುತ್ತ ಜಮಖಾನದ ಪರದೆ ಹೊಲಿದಿದ್ದಾಳೆ. ಬೆರಳು ತೂರುವಷ್ಟೂ ಸಂದಿ ಬಿಟ್ಟಿಲ್ಲ. "ಉಸರು ಕಟ್ಟತೈತಿ ಅವ್ವಾ" ಅಂದಳು ಗಿರಿಜಾ. "ಥಂಡಿ ಗಾಳಿ ತಾಕಿದ್ರ ಕೂಸಿನ ಗತಿ ಏನ? ಸುಮ್ಮ ಕುಂಡ್ರ!" ಇವಳ ಬಾಯಿಗೆ ನಾನೂ ಎದುರಾಡುವುದಿಲ್ಲ. ಮಾಡಲಿ.

ಜನವರಿ ೧೭. ಸೋಮವಾರ, ಮಧ್ಯಾಹ್ನ. ತಡಸ.

ಮತ್ತೆ ನಿಂತೆ. ಕಲಘಟಗಿಯ ಏರಿನಲ್ಲಿ ಚಕ್ಕಡಿಯವನೊಬ್ಬ ನಮ್ಮನ್ನು ಹಿಂದೆ ಹಾಕಿದ — ಕೈ ಬೀಸಿ ನಕ್ಕ, ಮೂಳ. ಒಲೆ ಕೆದಕಿದೆ, ಬ್ಲೋವರ್ ತಿರುಗಿಸಿದೆ. ತಲೆನೋವು. ವಾಂತಿ ಬಂದಹಾಗೆ. ಇಳಿದು ನಿಂತರೆ ಹಗುರ. ಪರದೆಯೊಳಗೆ ಮೂವರೂ ಗಪ್ಪಾಗಿ ಮಲಗಿದ್ದಾರೆ. ಕೂಗಿದೆ, ಮಹಾದೇವಿ "ಹೂಂ" ಅಂದಳಷ್ಟೇ. ಕೂಸು ಹಳಿಯಾಳ ಬಿಟ್ಟಾಗಿನಿಂದ ಅತ್ತಿಲ್ಲ. ಪುಣ್ಯ. ಹೊರಡಬೇಕು...

ಜನವರಿ ೨೦. ಮುಂಡಗೋಡ. ಸಂಜೆ.

ಇಷ್ಟು ದಿನ ಬರೆಯಲು ಕೈ ಏಳಲಿಲ್ಲ.

ಇಂದೂರಿನ ಬಳಿ ಮತ್ತೆ ಕೆಮ್ಮಿತು. ಇಂಜಿನ್ ನಡೆಸಿಟ್ಟೇ ಗಾಡಿಯಡಿ ಬಗ್ಗಿದೆ. ಬೀಡಿ ಹಚ್ಚಿ ಪೈಪಿನ ಉದ್ದಕ್ಕೂ ಹೊಗೆ ಬಿಟ್ಟೆ. ಜೋಡಣೆಯ ಹತ್ತಿರ ಹೊಗೆಯನ್ನು ಒಳಗೆ ಸೆಳೆದುಕೊಂಡಿತು. ಸಿಕ್ಕ ಕಳ್ಳ! ಮಣ್ಣು ಬಿರಿದಿದೆ, ಗಾಳಿ ಸೇರಿ ಗ್ಯಾಸ್ ತೆಳುವಾಗುತ್ತಿದೆ, ಅದಕ್ಕೇ ಎಳೆಯುತ್ತಿಲ್ಲ. ಖುಷಿಯಿಂದ ಇಂಜಿನ್ ಆರಿಸಿದೆ. ಒಲೆ ಉರಿಯುತ್ತಲೇ ಇತ್ತು. ಈಗ ಹೊಗೆ ತಿರುಗಿತು. ಜೋಡಣೆಯಿಂದ ಹೊರಗೆ ತಳ್ಳಿಸಿಕೊಂಡು ಸೀಟಿನ ಹಲಗೆಯ ಸಂದಿಯಿಂದ ಮೇಲೆ ಹೋಯಿತು. ಪರದೆಯೊಳಗೆ.

ನಾನು ನಿಲ್ಲಿಸಿದಾಗಲೆಲ್ಲ ಇದ್ದಿಲ ವಿಷದ ಗ್ಯಾಸ್ ಅವರ ಕಡೆಗೇ ಹೋಗಿದೆ. ನನ್ನ ತಲೆನೋವು ಕನ್ನಡಕದ್ದಲ್ಲ.

ಪರದೆ ಬಿಚ್ಚಲಿಲ್ಲ, ಹರಿದೆ. ಗಿರಿಜಾಳ ಕತ್ತು ವಾಲಿತ್ತು. ಕೂಸು ಕೈಯಲ್ಲಿ ಒದ್ದೆ ಅರಿವೆಯ ಹಾಗೆ. ಹೊಲದ ಬದುವಿನ ಮೇಲೆ ಮಲಗಿಸಿ ಬಾಯಿಗೆ ಊದಿದೆ, ಬೆನ್ನು ತಟ್ಟಿದೆ, ಶಿವನೇ ಶಿವನೇ ಅಂತ ಬೊಬ್ಬೆ ಹೊಡೆದೆ. ಬಹಳ ಹೊತ್ತಿನ ಮೇಲೆ ಅತ್ತಿತು. ನಾನೂ ಅತ್ತೆ, ನಡುರಸ್ತೆಯಲ್ಲಿ. ಗಿರಿಜಾ ಕಣ್ಣು ಬಿಟ್ಟಳು. ಮಹಾದೇವಿ ವಾಂತಿ ಮಾಡಿಕೊಂಡು ಎದ್ದು ಕೂತಳು.

ಮೂವರೂ ಉಳಿದರು. ಕೂಸು ಹಾಲು ಕುಡಿಯುತ್ತದೆ, ಆದರೆ ಸೋತಿದೆ. ಯಾರಿಗೂ ಹೇಳಿಲ್ಲ. ಅಳಿಯ ಚನಬಸಪ್ಪ "ದೃಷ್ಟಿ ತಾಕೈತ್ರಿ ಮಾವಾರ" ಅಂದ. ಮಹಾದೇವಿ ಹಣೆ ಹಣೆ ಬಡಿದುಕೊಳ್ಳುತ್ತಾಳೆ: "ನಾನ ಪರದಿ ಸಡ್ಲ ಕಟ್ಟಿದ್ನಿ. ಗಾಳಿ ಹೊಕ್ಕತು. ನನ್ನ ಕೈ ಸೇದಿಹೋಗ್ಲಿ." ಬೀಗರೆದುರು ಹೇಗೆ ಹೇಳಲಿ, ಆ ಕಂಬಳಿ ತುಂಡಿನ ಮಾತು? ನಾಚಿಕೆಗೇಡಿ ನಾನು.

ಅದೇ ದಿನ. ದೀಪ ಹಚ್ಚುವ ಹೊತ್ತು.

ಒಳಕೋಣೆಯಲ್ಲಿ ಗಿರಿಜಾ, ಕೂಸು ಮಲಗಿದ್ದಾರೆ. ಮಹಾದೇವಿ ಕಿಟಕಿಯ ಸಂದಿಗೆ ಅರಿವೆ ತುರುಕುತ್ತಿದ್ದಾಳೆ. "ಈ ಸಲ ಒಂದ ಎಳಿ ಗಾಳಿನೂ ಬಿಡೂದಿಲ್ಲ" ಅನ್ನುತ್ತಾಳೆ. ಇಲ್ಲಿಯ ಆಳು ಕಾಶೆವ್ವನನ್ನು ಕೂಗಿದಳು: "ಶೇಗಡಿ ತುಂಬ ಇದ್ದಲಿ ಹಾಕ್ಕೊಂಡ ಬಾ. ತೊಟ್ಟಲ ಕೆಳಗ ಇಟ್ಟು ಬಾಗಲಾ ಹಾಕೂಣು."

ಇದ್ದಿಲು. ಮುಚ್ಚಿದ ಕೋಣೆ.

ಕಾಶೆವ್ವ ನನ್ನ ಮುಂದೆಯೇ ಕೆಂಡದ ಶೇಗಡಿ ಹೊತ್ತು ಹೋದಳು. ಅಗಳಿ ಬಿದ್ದ ಸದ್ದು. ಪಡಸಾಲೆಯಲ್ಲಿ ಬೀಗರಿದ್ದಾರೆ, ಅಳಿಯನಿದ್ದಾನೆ, ಎಲ್ಲರೂ ಕೇಳುತ್ತಾರೆ — ಕೇಳಲಿ. ಮಹಾದೇವೀ, ಬಾಗಲಾ ತಗೀ, ಅವತ್ತ ಗಾಳಿ ಅಲ್ಲ, ನಾನ ಮೆತ್ತಿದ ಕಂಬಳಿ —